ಸುಣ್ಣ ಕುದಿಯಲಿಲ್ಲವೇ? ಬೋರ್ಡೋ ಬೆರೆಸುವ ಮೊದಲು ಸ್ವಲ್ಪ ನಿಲ್ಲಿ

ಮುಂಗಾರು ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಹೊಡೆಯುವ ಗಡಿಬಿಡಿ ಎಲ್ಲರಿಗೂ ಇರುತ್ತೆ. ಆ ಗಡಿಬಿಡಿಯಲ್ಲೇ, ತೋಟಕ್ಕೆ ಇಳಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಹಿಂದಿನ ಮಳೆಗಾಲದಿಂದ ಬಾಯಿ ಬಿಚ್ಚಿಯೇ ಇದ್ದ ಚೀಲದ ಸುಣ್ಣಕ್ಕೆ ನೀರು ಹಾಕಿದೆ. ಬುಸುಗುಟ್ಟಲಿಲ್ಲ, ಬಿಸಿಯೂ ಆಗಲಿಲ್ಲ. 'ಬೆಳ್ಳಗಿದೆಯಲ್ಲ, ಸಾಕು' ಅಂತ ಮೈಲುತುತ್ತ ಬೆರೆಸಿ ಹೊಡೆಸಿದೆ. ಕೆಲವೇ ದಿನದಲ್ಲಿ ಎಳೆಕಾಯಿಗಳ ಮೇಲೆ ಸುಟ್ಟ ಕಲೆ. ಬಹಿರುಷ್ಣಕ ಕ್ರಿಯೆಯ ಬಗ್ಗೆ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದ ನನಗೆ, ಬಕೆಟ್ಟಿನಲ್ಲಿ ಆ ಕ್ರಿಯೆ ನಡೆಯಲೇ ಇಲ್ಲ ಅನ್ನೋದು ಹೊಳೆಯಲಿಲ್ಲ.

ಈ ಬಿಸಿ ಎಲ್ಲಿಂದ ಬರುತ್ತೆ?

ಗೂಡಿನಲ್ಲಿ ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಅದು ಶಾಖ ಹೀರಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಇದು ಅಂತರುಷ್ಣಕ ಕ್ರಿಯೆ. ಉಳಿಯುವುದೇ ಸುಟ್ಟ ಸುಣ್ಣ. ಇದಕ್ಕೆ ನೀರು ಬಿದ್ದಾಗ, ಹೀರಿದ್ದ ಶಾಖದಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ವಾಪಸ್ ಬರುತ್ತೆ. 1 ಕೆಜಿ ಶುದ್ಧ ಸುಟ್ಟ ಸುಣ್ಣ ಅರಳುವಾಗ ಬರುವ ಶಾಖ ಸುಮಾರು 1,150 ಕಿಲೋಜೂಲ್. 3 ಲೀಟರ್ ತಣ್ಣೀರು ಕುದಿಸೋಕೆ ಅದು ಸಾಕು.

ಚೀಲ ತೆರೆದಿಟ್ಟರೆ ಸುಣ್ಣ ಗಾಳಿಯ ತೇವ ಹೀರಿ ತಾನಾಗೇ ಅರಳುತ್ತೆ, ಆಮೇಲೆ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಿನ ಗುಣಕ್ಕೇ ತಿರುಗುತ್ತೆ. ಉಳಿದ ಶಾಖವೂ ಹೀಗೆ ಯಾರಿಗೂ ಗೊತ್ತಾಗದಂತೆ ನಿಧಾನಕ್ಕೆ ಹೋಗಿಬಿಡುತ್ತೆ. ಅಂಥ ಸುಣ್ಣ ಮೈಲುತುತ್ತದ ಹುಳಿಯನ್ನು ಸರಿಯಾಗಿ ಮುರಿಯಲ್ಲ. ಉಳಿದ ತಾಮ್ರ ಕಾಯನ್ನು ಸುಡುತ್ತೆ.

ಹಾಗಾಗಿ ಹೀಗೆ ಮಾಡಿ

1. ಹಿಡಿಯಷ್ಟು ಸುಣ್ಣಕ್ಕೆ ನೀರು ಚಿಮುಕಿಸಿ ನೋಡಿ. ಹರಳು ಬಿರಿದು, ಆವಿ ಎದ್ದರೆ ಒಳ್ಳೆ ಸುಣ್ಣ. ಸುಮ್ಮನಿದ್ದರೆ ಬೇರೆ ತನ್ನಿ. ಅಂಗಡಿಯ ಅರಳಿದ ಸುಣ್ಣದ ಪುಡಿ ಬಿಸಿಯಾಗಲ್ಲ, ಅದು ಸಹಜ. 1 ಕೆಜಿ ಸುಟ್ಟ ಸುಣ್ಣದ ಬದಲಿಗೆ ಅದು ಸುಮಾರು 1.3 ಕೆಜಿ ಬೇಕು.

2. ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಪೂರ್ತಿ ಆರಿದ ಮೇಲೇ ಉಳಿದ ನೀರು ಸೇರಿಸಿ ಸೋಸಿ. ಬಿಸಿ ಇದ್ದಾಗ ಬೆರೆಸಿದರೆ ಕಣ ದಪ್ಪವಾಗಿ ತಳ ಹಿಡಿಯುತ್ತೆ, ನಾಜಲ್ ಕಟ್ಟುತ್ತೆ.

3. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕುತ್ತಾ ಕಲಕಿ. ಉಲ್ಟಾ ಮಾಡಬೇಡಿ.

4. ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ. ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ನೋಡಿ. ಬೆರೆಸಿದ ದಿನವೇ ಹೊಡೆದು ಮುಗಿಸಿ.

ಸುಣ್ಣ ಅರಳುವಾಗ ಬಗ್ಗಿ ನೋಡಬೇಡಿ, ಮುಚ್ಚಳ ಹಾಕಬೇಡಿ, ಮಕ್ಕಳನ್ನು ದೂರ ಇಡಿ. ಕನ್ನಡಕ, ಕೈಗವಸು ಇರಲಿ. ಕಣ್ಣಿಗೆ ಸಿಡಿದರೆ ತಕ್ಷಣ ಶುದ್ಧ ನೀರು ಹರಿಸಿ ಕನಿಷ್ಠ 20 ನಿಮಿಷ ತೊಳೆದು, ಆಸ್ಪತ್ರೆಗೆ ಹೊರಡಿ.

ಸಾವಯವ ಪ್ರಮಾಣಪತ್ರ ಇದ್ದವರು ತಾಮ್ರ ಬಳಸುವ ಮೊದಲು ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿಕೊಳ್ಳಿ.

ಆ ವರ್ಷದಿಂದ ನಾನು ಸುಣ್ಣ ತರುವುದು ಬೇಕಾದಷ್ಟೇ. ಮಿಕ್ಕಿದ್ದು ಗಾಳಿ ಆಡದ ಡಬ್ಬಿಗೆ ಹೋಗುತ್ತೆ.