ಪಟ್ಟದ ಬೊಂಬೆಯ ಕೆಳಮೆಟ್ಟಿಲಲ್ಲಿ ಆಪ್ಟಿಮಸ್

ನವರಾತ್ರಿಗೆ ಬೊಂಬೆ ಕೂರಿಸುವ ಮೈಸೂರಿನ ಮನೆಗಳಲ್ಲಿ ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳದು, ಕೆಳಗಿನದು ಮಕ್ಕಳದು. ದೊಡ್ಡವರು ಮರದ ರಾಜ-ರಾಣಿಗೆ ಹೊಸ ಜರಿ ಉಡಿಸುತ್ತಿದ್ದರೆ ಕೆಳಗೆ ಮಕ್ಕಳು ರಾಗಿ ಮೊಳಕೆಯ ಪಾರ್ಕು ಮಾಡಿ ಬಸ್ಸು, ಆನೆ, ಕ್ರಿಕೆಟ್ ಆಟಗಾರರನ್ನು ಜೋಡಿಸುತ್ತಾರೆ. ಈಚೆಗೆ ಆ ಪಾರ್ಕಿನ ಬಾಗಿಲಲ್ಲಿ ಕೆಂಪು-ನೀಲಿ ಬಣ್ಣದ ರೋಬೋ ಒಬ್ಬ ಕಾವಲಿಗೆ ನಿಂತಿರುವುದುಂಟು. ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನ ಆಪ್ಟಿಮಸ್ ಪ್ರೈಮ್. ಕೈಕಾಲು ಮಡಚಿದರೆ ಲಾರಿ, ಬಿಚ್ಚಿದರೆ ವೀರ. ದಸರೆ ಹತ್ತಿರವಾದಂತೆ ಹಲವು ಅಪ್ಪ-ಅಮ್ಮಂದಿರು ದೇವರಾಜ ಅರಸು ರಸ್ತೆಯಲ್ಲಿ ಮಗುವಿನ ಕೈ ಹಿಡಿದು ಇವನನ್ನೇ ಹುಡುಕುತ್ತಾರೆ. ಇವನು ಆಟಿಕೆಯಾಗಿ ಎಷ್ಟು ಒಳ್ಳೆಯವನು, ಬೊಂಬೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಡಲು ಎಷ್ಟು ಯೋಗ್ಯ ಎಂಬ ಪ್ರಶ್ನೆಗೆ ಈ ಊರಿನಲ್ಲಿ ಬೇರೆಯೇ ತೂಕವಿದೆ. ಬೊಂಬೆಯನ್ನು ಜೋಪಾನ ಮಾಡುವುದು ನಮಗೆ ತಲೆಮಾರುಗಳ ಅಭ್ಯಾಸ.

ಇವನ ಹುಟ್ಟು ಜಪಾನಿನದು. ಟಕಾರಾ ಕಂಪನಿಯ ಡಯಾಕ್ಲೋನ್ ಎಂಬ ಆಟಿಕೆ ಸಾಲಿನಲ್ಲಿ ಇವನೊಂದು ಯಂತ್ರ ಮಾತ್ರ. ಪಾದದಲ್ಲಿ ಅಯಸ್ಕಾಂತವಿದ್ದ ಪುಟ್ಟ ಚಾಲಕ ಒಳಗೆ ಕೂತು ನಡೆಸಬೇಕಿತ್ತು. ಅಮೆರಿಕದ ಹ್ಯಾಸ್ಬ್ರೋ ಕಂಪನಿ ಆ ಅಚ್ಚುಗಳನ್ನು ತಂದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಮಾರಿತು. ಚಾಲಕನನ್ನು ಕೈಬಿಟ್ಟು ಯಂತ್ರಕ್ಕೇ ಜೀವ ಕೊಟ್ಟರು. ಆಪ್ಟಿಮಸ್ ಪ್ರೈಮ್ ಎಂಬ ಹೆಸರಿಟ್ಟವರು ಕಾಮಿಕ್ಸ್ ಬರಹಗಾರ ಡೆನಿಸ್ ಓನೀಲ್, ದನಿ ಕೊಟ್ಟವರು ಪೀಟರ್ ಕಲೆನ್. ಹೊಸ ಆಟಿಕೆಗಳಿಗೆ ಜಾಗ ಮಾಡಲೆಂದು 1986ರ ಚಿತ್ರದಲ್ಲಿ ನಾಯಕನನ್ನೇ ಸಾಯಿಸಿದರು. ಮಕ್ಕಳು ಎಷ್ಟು ನೊಂದುಕೊಂಡರೆಂದರೆ ಅವನನ್ನು ಮತ್ತೆ ಬದುಕಿಸಬೇಕಾಯಿತು. ಇಲ್ಲಿ ಆಟಿಕೆ ಮೊದಲು, ಕಥೆ ಆಮೇಲೆ. ಆದ್ದರಿಂದ ಇವನ ಯೋಗ್ಯತೆಯನ್ನು ಟಿ.ವಿ.ಯಲ್ಲಿ ನೋಡಿ ಅಳೆಯಲಾಗದು, ಕೀಲುಗಳಲ್ಲಿ ನೋಡಬೇಕು.

ಅಂಗಡಿಯಲ್ಲಿ ಬಿಚ್ಚಿದ ಮಾದರಿಯೊಂದಿದ್ದರೆ ಕೈಗೆ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮೊದಲು ಅವನನ್ನು ಮೇಜಿನ ಮೇಲೆ ನಿಲ್ಲಿಸಿ. ಬೆನ್ನಿನ ಭಾರಕ್ಕೆ ಹಿಂದಕ್ಕೆ ಒರಗಿದರೆ ಸೊಂಟದ ಕೀಲು ಸಡಿಲ ಎಂದರ್ಥ. ಹೊಸದಿದ್ದಾಗಲೇ ಒರಗುವವನು ತಿಂಗಳಲ್ಲಿ ಮಲಗುತ್ತಾನೆ. ಭುಜವನ್ನು ನಿಧಾನವಾಗಿ ತಿರುಗಿಸಿದಾಗ ಟಕ್ ಟಕ್ ಎಂದು ಹಲ್ಲು ಹಲ್ಲಾಗಿ ನಿಂತರೆ ಒಳ್ಳೆಯ ಲಕ್ಷಣ. ಗುಂಡಿನ ಕೀಲಾದರೆ ಕಳಚಿ ಬಂದರೂ ಮತ್ತೆ ಒತ್ತಿ ಕೂರಿಸಬಹುದು, ಅದು ಮಕ್ಕಳ ಕೈಗೆ ಅನುಕೂಲ. ನಿಜವಾದ ಪರೀಕ್ಷೆ ಮಾತ್ರ ಲಾರಿಯಾಗುವಾಗ. ಎಲ್ಲ ಮಡಿಕೆಗಳೂ ಮುಗಿದ ಮೇಲೆ ಅಂಚುಗಳು ಸಂದಿಲ್ಲದೆ ಕೂಡಬೇಕು, ಚಕ್ರಗಳೆಲ್ಲವೂ ನೆಲ ಮುಟ್ಟಬೇಕು, ತಳ್ಳಿದರೆ ಉರುಳಬೇಕು. ಎರಡು ರೂಪವೂ ಸರಿಯಾಗಿ ಬಂದರೆ ಅದು ಪಳಗಿದ ಆಟಿಕೆ. ಲಾರಿಯ ಹೊಟ್ಟೆಯಡಿಯಲ್ಲಿ ರೋಬೋವಿನ ಕೈ ಜೋತುಬಿದ್ದಿದ್ದರೆ ವಿನ್ಯಾಸಕಾರ ಅರ್ಧಕ್ಕೇ ಕೈಬಿಟ್ಟಿದ್ದಾನೆ.

ಗಾತ್ರ ಕಂಡು ಮೋಸಹೋಗುವುದು ಹೆಚ್ಚು. ಒಂದಡಿ ಎತ್ತರದ, ಒಂದೇ ಎಳೆತಕ್ಕೆ ಬದಲಾಗುವ ಗೊಂಬೆ ಕಣ್ಣಿಗೆ ಭರ್ಜರಿ. ನಾಲ್ಕು ವರ್ಷದ ಮಗುವಿಗೆ ಅದು ಸರಿ. ಎಂಟು ವರ್ಷದವನು ಎರಡು ದಿನದಲ್ಲಿ ಮೂಲೆಗೆ ಹಾಕುತ್ತಾನೆ. ಅಂಗೈಗಿಂತ ತುಸು ಉದ್ದದ, ಹದಿನೈದಿಪ್ಪತ್ತು ಹೆಜ್ಜೆಯಲ್ಲಿ ಬದಲಾಗುವ ಡೀಲಕ್ಸ್ ಅಥವಾ ವಾಯೇಜರ್ ಗಾತ್ರದವನೇ ನನ್ನ ಆಯ್ಕೆ. ಮಗು ಮೊದಲು ಕಾಗದದ ಚಿತ್ರ ನೋಡಿ ಮಾಡುತ್ತದೆ, ಆಮೇಲೆ ಕಣ್ಣು ಬೇರೆಡೆ ಇಟ್ಟುಕೊಂಡೇ ಬೆರಳುಗಳಲ್ಲಿ ಮಾಡುತ್ತದೆ. ಒಂದು ಹಲಗೆ ಸರಿಯದಿದ್ದರೆ ಬಲ ಹಾಕಬಾರದು, ಹಿಂದಿನ ಹೆಜ್ಜೆ ತಪ್ಪಿದೆ ಎಂಬ ತಾಳ್ಮೆ ಬೆರಳಿಗೆ ಬರುತ್ತದೆ. ಪರದೆ ಸವರುವ ಆಟ ಇದನ್ನು ಕಲಿಸುವುದನ್ನು ನಾನು ನೋಡಿಲ್ಲ.

ಹಬ್ಬದ ಸಂಜೆ ಚಿಕ್ಕ ಗಡಿಯಾರದ ಆಸುಪಾಸು ಕಡಿಮೆ ಬೆಲೆಗೆ ಸಿಗುವ ಹೊಳಪಿನ ರೋಬೋಗಳ ಬಗ್ಗೆ ಒಂದು ಮಾತು. ಅವುಗಳ ಅಚ್ಚು ಎಷ್ಟೋ ಸಲ ಅಸಲಿಯದೇ ನಕಲು. ವ್ಯತ್ಯಾಸ ಇರುವುದು ಪ್ಲಾಸ್ಟಿಕ್ಕಿನಲ್ಲಿ: ಸ್ಕ್ರೂ ಕೂರುವ ಕಂಬ ಬಿರಿಯುತ್ತದೆ, ಬೆಳ್ಳಿ ಲೇಪ ಬೆವರು ಕೈಗೆ ಸುಲಿದು ಬರುತ್ತದೆ, ಅಂಚು ಒರಟಾಗಿ ಚುಚ್ಚುತ್ತದೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಗೆ ಐಎಸ್ 9873, ಬ್ಯಾಟರಿ ಹಾಕುವಂಥದಕ್ಕೆ ಐಎಸ್ 15644 ಎಂಬ ಮಾನದಂಡಗಳಿವೆ. ಚೂಪು ಅಂಚು, ನುಂಗಬಹುದಾದ ಚೂರು, ಬಣ್ಣದಲ್ಲಿನ ಸೀಸದಂಥ ಲೋಹ ಇವೆಲ್ಲವೂ ಪರೀಕ್ಷೆಗೆ ಬರುತ್ತವೆ. ಡಬ್ಬಿಯ ಮೇಲೆ ಆ ಗುರುತು ಹುಡುಕಿ. ಅಸಲಿ ಗೊಂಬೆಯ ಬೆಲೆ ಸಾವಿರಗಳಲ್ಲಿರುವುದಕ್ಕೆ ಆಮದು ಸುಂಕವೂ ಒಂದು ಕಾರಣ: 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು.

ಇನ್ನು ಸಂಗ್ರಹದ ಮಾತು. ಸಂಗ್ರಾಹಕರ ಲೋಕದಲ್ಲಿ ಒಡೆಯದ ಡಬ್ಬಿಗೆ ಬೆಲೆ, ಬಿಡಿಭಾಗ ಪೂರ್ತಿ ಇರುವುದಕ್ಕೆ ಬೆಲೆ. 1984ರ ಆಪ್ಟಿಮಸ್‌ಗೆ ಮುಷ್ಟಿಗಳು ಬೇರೆಯೇ ತುಂಡುಗಳಾಗಿದ್ದವು. ಲಾರಿ ಮಾಡುವಾಗ ತೆಗೆದಿಡಬೇಕು. ತೆಗೆದಿಟ್ಟದ್ದು ಕಳೆಯುತ್ತದೆ. ಹಾಗಾಗಿ ಇಂದು ಮುಷ್ಟಿ, ಬಂದೂಕು, ಟ್ರೈಲರಿನೊಳಗಿನ ಪುಟ್ಟ ಗಾಡಿ ಎಲ್ಲ ಉಳಿದಿರುವ ಪ್ರತಿಯೇ ಅಪರೂಪ. ಹಾಗೆಂದು ಹೂಡಿಕೆ ಎಂದು ಕೊಳ್ಳಬೇಡಿ. ಕಂಪನಿಯೇ ಹಳೆಯ ವಿನ್ಯಾಸವನ್ನು ಮತ್ತೆ ಮತ್ತೆ ಮಾರುಕಟ್ಟೆಗೆ ತರುತ್ತದೆ. ಈಗ ಬರುವ ಗೊಂಬೆಯನ್ನು ಸಾವಿರಾರು ಜನ ಡಬ್ಬಿ ಒಡೆಯದೆ ಇಟ್ಟಿರುವಾಗ ಅದು ಅಪರೂಪವಾಗುವುದು ಹೇಗೆ?

ಡಬ್ಬಿ ಒಡೆಯದೆ ಇಡುವುದೇ ಸಂಗ್ರಹ ಎಂಬುದನ್ನು ಮೈಸೂರಿನವರು ಒಪ್ಪಬೇಕಾಗಿಲ್ಲ. ತವರಿನಿಂದ ಬಂದ ಪಟ್ಟದ ಬೊಂಬೆ ವರ್ಷವಿಡೀ ಟ್ರಂಕಿನಲ್ಲಿ ಹಳೆ ಪಂಚೆ ಸುತ್ತಿಕೊಂಡಿದ್ದು, ಒಂಬತ್ತು ದಿನ ಹೊರಬಂದು, ಬೊಂಬೆ ನೋಡಲು ಬಂದ ಮಕ್ಕಳೆದುರು ಕೂರುತ್ತದೆ. ಅದರ ಮೂಗು ಸವೆದಿದ್ದರೆ ಯಾರೂ ಬೆಲೆ ಕಡಿಮೆ ಮಾಡುವುದಿಲ್ಲ. ಯಾವ ಅಜ್ಜಿಯ ಕೈಯಲ್ಲಿ ಸವೆದದ್ದು ಎಂದು ಹೇಳುತ್ತಾರೆ. ಅರಮನೆಯ ಗೊಂಬೆ ತೊಟ್ಟಿಯಲ್ಲಿ ಹತ್ತೊಂಬತ್ತು, ಇಪ್ಪತ್ತನೆಯ ಶತಮಾನದ ಬೊಂಬೆಗಳಿವೆ. ನಜರಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಬೊಂಬೆ ಮನೆ ದಸರೆಗೆ ನಾನಾ ಊರುಗಳ ಬೊಂಬೆ ಜೋಡಿಸುತ್ತದೆ. ಆಡಿಸಿ, ಒರೆಸಿ, ಎತ್ತಿಟ್ಟು, ಮತ್ತೆ ತೆಗೆದು ತೋರಿಸುವ ಈ ಪದ್ಧತಿ ರೋಬೋಗೂ ಹೊಂದುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಗೀರು ಬಿದ್ದ ಆಪ್ಟಿಮಸ್ ಮಾರುಕಟ್ಟೆಯಲ್ಲಿ ಅಗ್ಗ. ಮನೆಯ ಮೆಟ್ಟಿಲಲ್ಲಿ ಅವನಿಗೆ ಜಾಗ ಇದ್ದೇ ಇದೆ.

ಆದರೆ ಎತ್ತಿಡುವ ಕ್ರಮ ಬದಲಾಗಬೇಕು. ಮರದ ಬೊಂಬೆಗೆ ಹಾಕುವ ನುಸಿ ಗುಳಿಗೆ ಪ್ಲಾಸ್ಟಿಕ್ಕಿನ ಜೊತೆ ಬೇಡ. ಅದರ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ ಮೆತ್ತಗಾಗಿ ಅಂಟುತ್ತದೆ. ಬಜೆ ಬೇರೋ ಒಣಗಿದ ಬೇವಿನೆಲೆಯೋ ಸಾಕು. ಮೆದು ರಬ್ಬರಿನ ಟಯರು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡು ವರ್ಷ ಕಳೆದರೆ ಆ ಜಾಗ ಕರಗಿ ಗುಳಿ ಬೀಳುತ್ತದೆ, ನಡುವೆ ಬಟ್ಟೆಯ ಚೂರಿಡಿ. ಬಿಸಿಲು ಬೀಳುವ ಶೋಕೇಸಿನಲ್ಲಿ ಬಿಳಿ ಭಾಗ ಹಳದಿಗೆ ತಿರುಗುತ್ತದೆ. 1980ರ ದಶಕದ ಕೊನೆಯಿಂದ ಬಂದ ಚಿನ್ನದ ಮಿನುಗಿನ ಪ್ಲಾಸ್ಟಿಕ್ ಇನ್ನೂ ದುರ್ಬಲ. ಡಬ್ಬಿಯೊಳಗೇ ಇದ್ದರೂ ತಾನಾಗಿ ಪುಡಿಯಾಗುತ್ತದೆ. ಅಂಥ ಹಳೆಯದನ್ನು ಹಣ ಕೊಟ್ಟು ಕೊಳ್ಳಬೇಡಿ.

ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂಗೂ ಮಗುವನ್ನು ಕರೆದೊಯ್ಯಿರಿ. ಆಲೆಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಆಟಿಕೆ ರೋಬೋವಿನ ಹಾಗೆ ಮಡಚದು, ಬಿಚ್ಚದು. ಎರಡು-ಮೂರು ವರ್ಷದ ಮಗುವಿಗೆ ಬಾಯಿಗಿಟ್ಟರೂ ಹೆದರಿಕೆಯಿಲ್ಲದ ನುಣುಪು ಅದರದು. ಕೀಲು, ಸ್ಕ್ರೂಗಳ ಆಪ್ಟಿಮಸ್ ಆ ವಯಸ್ಸಿಗಲ್ಲ. ಏಳೆಂಟು ವರ್ಷದ ಅಕ್ಕನಿಗೋ ಅಣ್ಣನಿಗೋ ರೋಬೋ, ಪುಟ್ಟ ತಂಗಿಗೆ ಚನ್ನಪಟ್ಟಣದ ಗಾಡಿ. ಕಿನ್ನಾಳದ ಮರದ ಬೊಂಬೆಗೆ ಹೆಸರಾದ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ಆಟಿಕೆ ತಯಾರಿಕೆಯ ಕ್ಲಸ್ಟರಿಗೆ ಅಡಿಗಲ್ಲು ಬಿದ್ದಿದೆ. ಅಚ್ಚು ಕೊರೆಯುವ ಕೌಶಲ ಅಲ್ಲಿ ಬೇರೂರಿದರೆ ಕಂಸಾಳೆ ಹಿಡಿದವನೋ ವೀರಗಾಸೆಯವನೋ ಹೀಗೆ ಮಡಚಿ ಬಿಚ್ಚುವ ಗೊಂಬೆಯಾಗಿ ಬರಲಿ ಎಂಬುದು ನನ್ನ ಆಸೆ. ಅಂಥದೊಂದು ಅಂಗಡಿಗೆ ಬಂದ ದಿನ ಮೊದಲು ಅದರ ಸೊಂಟದ ಕೀಲನ್ನೇ ಪರೀಕ್ಷಿಸುತ್ತೇನೆ.