ಬ್ರೇಕಿನೊಳಗಿನ ಗಾಳಿ

ಮೋಟಾರು ಬಂಡಿಯ ಮಾತು ಬಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ "ಲೀಟರಿಗೆ ಎಷ್ಟು ಕೊಡುತ್ತದೆ?" ಎಂಬುದು. ಎರಡನೆಯದು "ಎಷ್ಟಕ್ಕೆ ಕೊಂಡಿರಿ?" ಎಂಬುದು. "ಎಷ್ಟು ಬೇಗ ನಿಲ್ಲುತ್ತದೆ?" ಎಂದು ಕೇಳಿದವರನ್ನು ನಾವಂತೂ ಇನ್ನೂ ಕಂಡಿಲ್ಲ. ಓಡುವುದಕ್ಕಿರುವ ಮರ್ಯಾದೆ ನಿಲ್ಲುವುದಕ್ಕಿಲ್ಲ. ಆದರೆ ಮಕ್ಕಳುಮರಿಗಳನ್ನು ಕೂರಿಸಿಕೊಂಡು ಸಿಂಹಾಚಲದ ಬೆಟ್ಟ ಇಳಿಯುವಾಗ, ಅರಕು ಕಣಿವೆಯಿಂದ ಅನಂತಗಿರಿಯ ತಿರುವುಗಳಲ್ಲಿ ಮರಳಿ ಬರುವಾಗ, ರಜೆಯಲ್ಲಿ ಊರಿಗೆ ಹೋಗಿ ಶಿರಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ, ಬಲಗಾಲಿನ ಕೆಳಗಿನ ಆ ಪುಟ್ಟ ಪೆಡಲು ಗಟ್ಟಿಯಾಗಿದೆಯೋ ಮೆತ್ತಗಿದೆಯೋ ಎಂಬುದರ ಮುಂದೆ ಉಳಿದ ಲೆಕ್ಕಗಳೆಲ್ಲ ಸಣ್ಣವು.

ನಮ್ಮ ಮನೆಯಲ್ಲಿರುವುದು ಮಾವನವರ ಕಾಲದ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ವಂಶದ್ದು, ಮುಂಬಯಿಯಲ್ಲಿ ತಯಾರಾಗುತ್ತಿತ್ತು. ಆ ಊರಿನ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರಿನವರೆಗೂ ಬೀದಿಯಲ್ಲಿತ್ತು. ಇದರ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕೇ. ಎಂದರೆ, ಚಕ್ರದ ಜೊತೆ ತಿರುಗುವ ಒಂದು ಡಬ್ಬಿಯ ಒಳಗೋಡೆಗೆ ಎರಡು ಷೂಗಳು ಒತ್ತಿ ಹಿಡಿದು ನಿಲ್ಲಿಸುತ್ತವೆ. ಹುಟ್ಟಿದ ಶಾಖ ಡಬ್ಬಿಯೊಳಗೇ ಕೂರುತ್ತದೆ. ಬೆಟ್ಟ ಇಳಿಯುತ್ತಿದ್ದ ಹಾಗೆ ಹಿಡಿತ ಸಡಿಲುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಬಯಲಿನಲ್ಲೇ ತಿರುಗುವ ತಟ್ಟೆಯನ್ನು ಎರಡು ಕಡೆಯಿಂದ ಚಿಮಟದಂತೆ ಹಿಡಿಯುವ ಏರ್ಪಾಡು. ಶಾಖ ಗಾಳಿಗೆ ಹೋಗುತ್ತದೆ. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಬಂಡಿ ಗೆದ್ದುದಕ್ಕೆ ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕುಗಳೂ ಒಂದು ಮುಖ್ಯ ಕಾರಣ. ಹಳೆಯ ಪದ್ಮಿನಿಗಳ ಮುಂದಿನ ಚಕ್ರಗಳಿಗೆ ಮಾರುತಿ 800ರ ಡಿಸ್ಕು, ಕ್ಯಾಲಿಪರುಗಳನ್ನು ಕೂರಿಸುವ ಪರಿಪಾಠ ಹುಟ್ಟಿದ್ದು ಈ ಆಸೆಯಿಂದಲೇ.

ನಮ್ಮ ಬಂಡಿಗೂ ವಿಶಾಖಪಟ್ಟಣದ ಒಂದು ಗ್ಯಾರೇಜಿನಲ್ಲಿ ಈ ಉಪಚಾರ ನಡೆಯಿತು. ಡಿಸ್ಕು ಹೊಸದು, ಪ್ಯಾಡು ಹೊಸದು, ಬಿಲ್ಲೂ ಚೆನ್ನಾಗಿಯೇ ಇತ್ತು. ಪೆಡಲು ಒತ್ತಿದರೆ ಮಾತ್ರ ನೆನೆದ ಅವಲಕ್ಕಿ! ನೆಲದ ತನಕ ಹೋಗಿ, ಅಲ್ಲಿ ಏನೋ ಒಂದಿಷ್ಟು ಹಿಡಿಯುತ್ತಿತ್ತು. ಎರಡು ಸಲ ಪಂಪು ಮಾಡಿದರೆ ಮೇಲೆ ಬರುತ್ತಿತ್ತು. ಅರೆ ನಿಮಿಷ ಬಿಟ್ಟರೆ ಮತ್ತೆ ಅದೇ ಕತೆ. "ಓಡಿಸುತ್ತಾ ಓಡಿಸುತ್ತಾ ಸೆಟ್ಟಾಗುತ್ತದೆ" ಎಂದು ಗ್ಯಾರೇಜಿನವರ ಸಮಾಧಾನ. ನಾವು ಬಂಡಿಯನ್ನು ಅಲ್ಲೇ ಬಿಟ್ಟು ಆಟೋ ಹಿಡಿದು ಮನೆಗೆ ಬಂದೆವು. ಹೊಸ ಪ್ಯಾಡುಗಳು ಡಿಸ್ಕಿಗೆ ಹೊಂದಿಕೊಳ್ಳಲು ಕೆಲವು ಮೈಲಿ ಬೇಕು ಎಂಬುದು ನಿಜವೇ. ಆದರೆ ಅದು ಹಿಡಿತದ ಮಾತು. ಪೆಡಲು ನೆಲ ಮುಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಬ್ರೇಕಿನ ಒಳಗುಟ್ಟನ್ನು ಸ್ವಲ್ಪ ಹೇಳಬೇಕು. ಪೆಡಲಿಗೂ ಚಕ್ರಕ್ಕೂ ನಡುವೆ ಇರುವುದು ಎಣ್ಣೆ ತುಂಬಿದ ಕೊಳವೆ ಮಾತ್ರ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಪ್ಯಾಸ್ಕಲ್ ಮಹಾಶಯ ಹೇಳಿದ್ದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಉರು ಹೊಡೆದಿದ್ದೇವೆ. ದ್ರವವನ್ನು ಹಿಸುಕಿ ಕುಗ್ಗಿಸುವುದು ಆಗದ ಕೆಲಸ. ಗಾಳಿಯನ್ನು ಹಾಗಲ್ಲ, ಹಿಸುಕಬಹುದು. ಕೊಳವೆಯಲ್ಲಿ ಗೋಲಿಯಷ್ಟು ಗಾಳಿ ಉಳಿದರೂ ನಮ್ಮ ಕಾಲಿನ ಶ್ರಮವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಚಕ್ರಕ್ಕೆ ತಲುಪುವುದಿಲ್ಲ.

ಗ್ಯಾರೇಜಿನ ಹುಡುಗನೂ ಇದನ್ನೇ ಹೇಳಿದ: "ಲೋಪಲ ಗಾಲಿ ಉಂದಂಡೀ." ಊರಿಂದ ಹೊಸದಾಗಿ ಬಂದಿದ್ದ ನಮ್ಮ ಸೋದರತ್ತೆ ಜೊತೆಯಲ್ಲಿದ್ದರು. ತೆಲುಗಿನ 'ಗಾಲಿ' ನಮ್ಮ 'ಗಾಳಿ' ಎಂಬುದು ಅವರಿಗೆ ತಿಳಿಯದು. "ಗಾಲಿ ನಾಲ್ಕೂ ಹೊರಗೇ ಇವೆಯಲ್ಲೋ! ಒಳಗೆ ಇನ್ನೊಂದು ಯಾವುದಂತೆ?" ಎಂದು ಕೇಳಿದರು. ಆಂಧ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ಇಂಥ ಮಾತುಗಳು ಹೊಸವಲ್ಲ. ಆದರೂ ಆ ದಿನ ನಕ್ಕದ್ದು ಔಷಧಿಯಂತೆ ಆಯಿತು.

ಗಾಳಿ ತೆಗೆಯಲು ಮೂರು ಸಲ ಬ್ಲೀಡಿಂಗ್ ಆಯಿತು. ಒಂದು ಲೀಟರಿಗೂ ಮಿಕ್ಕಿ ಎಣ್ಣೆ ಹರಿದುಹೋಯಿತು. ಪೆಡಲು ಮಾತ್ರ ಇದ್ದ ಹಾಗೆಯೇ ಇತ್ತು.

ವಿಜಯವಾಡದಲ್ಲಿ ನಮ್ಮ ಭಾವನವರಿದ್ದಾರೆ. ಅಲ್ಲಿನ ಜವಾಹರ್ ಆಟೋನಗರವೆಂದರೆ ಲಾರಿ ಕಟ್ಟುವವರಿಂದ ಹಿಡಿದು ಹಳೆಯ ತಿರುಪು ಮಾರುವವರ ತನಕ ಬೀದಿಗೊಂದು ಕಸುಬು. ನಮ್ಮ ಗಾಜುವಾಕದ ಬಳಿಯ ಆಟೋನಗರವೂ ಚಿಕ್ಕದೇನಲ್ಲ. ಆದರೂ ಬಂಡಿಯ ವಿಷಯದಲ್ಲಿ ಕೋಸ್ತಾದವರ ಮಾತು ಕೊನೆಗೆ ಬೆಜವಾಡಕ್ಕೇ ಹೋಗಿ ನಿಲ್ಲುತ್ತದೆ. ಭಾವನವರು ತಮಗೆ ಗೊತ್ತಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರಿಗೆ ವಿಷಯ ತಿಳಿಸಿದರು. ಮೇಸ್ತ್ರಿಗಳು ಮುಂದಿನ ಚಕ್ರ ಬಿಚ್ಚಿ ಫೋಟೋ ಕಳಿಸಿ ಎಂದರಂತೆ. ಕಳಿಸಿದೆವು. ಅವರು ನೋಡಿದ್ದು ಒಂದೇ ಗಳಿಗೆ. "ಗಾಲಿ ಅಂತಾ ಪೈಕೇ ಪೋತುಂದಿ ಕದಂಡೀ!" ಗಾಳಿಯೆಲ್ಲ ಮೇಲಕ್ಕೇ ಹೋಗುತ್ತದಲ್ಲವೇ? ಹಾಗಿದ್ದ ಮೇಲೆ ಗಾಳಿ ಬಿಡುವ ನಿಪ್ಪಲ್ಲು ನೆಲ ನೋಡುತ್ತಿರುವುದೇಕೆ?

ಸಂಗತಿ ಇಷ್ಟೆ. ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ, ಬಲಗಡೆಯದನ್ನು ಎಡಕ್ಕೂ ಕೂರಿಸಿದ್ದರು. ತಿರುಪುಗಳು ಕೂರುತ್ತವೆ, ಪ್ಯಾಡು ಕೂರುತ್ತದೆ, ನೋಡಲು ಎಲ್ಲವೂ ಸರಿ. ಆದರೆ ನಿಪ್ಪಲ್ಲು ಕೆಳಗೆ ಬಿದ್ದು, ಗುಳ್ಳೆ ಮೇಲಿನ ಮೂಲೆಯಲ್ಲಿ ಹಾಯಾಗಿ ಉಳಿಯುತ್ತದೆ. ಒಂದು ಕೊಡ ಎಣ್ಣೆ ಹರಿಸಿದರೂ ಅದು ಹೊರಬರುವುದಿಲ್ಲ. ಬ್ರೇಕು ಬದಲಾಯಿಸಿದ ಮೇಲೆ ಪೆಡಲು ಮೆತ್ತಗಾದರೆ ಓದುಗರು ಮೊದಲು ನೋಡಬೇಕಾದದ್ದು ಇದನ್ನೇ. ಬಗ್ಗಿ ನೋಡಲು ಕಾಸು ಖರ್ಚಿಲ್ಲ.

ಗಾಜುವಾಕದ ಇನ್ನೊಬ್ಬ ಮೆಕ್ಯಾನಿಕ್ಕಿನ ಕೈಯಲ್ಲಿ ಅದಲುಬದಲು ಮಾಡಿಸಿದೆವು. ಪೆಡಲು ಅರ್ಧಕ್ಕರ್ಧ ಸುಧಾರಿಸಿತು. ಉಳಿದರ್ಧಕ್ಕೆ ಕಾರಣ ಎಲ್ಲಿ? ಮೇಸ್ತ್ರಿಗಳು ಹೇಳಿಕೊಟ್ಟ ಪರೀಕ್ಷೆ ಬಹಳ ಸೊಗಸಾಗಿದೆ. ಚಕ್ರಗಳಿಗೆ ಹೋಗುವ ರಬ್ಬರು ಹೋಸ್‌ಗಳನ್ನು ಒಂದೊಂದಾಗಿ ಕ್ಲ್ಯಾಂಪು ಹಾಕಿ ಬಿಗಿದು ಪೆಡಲು ಒತ್ತುವುದು. ಯಾವುದನ್ನು ಬಿಗಿದಾಗ ಪೆಡಲು ಗಟ್ಟಿಯಾಗುತ್ತದೋ ದೋಷ ಆ ಕಡೆ. ಎಲ್ಲವನ್ನೂ ಬಿಗಿದರೂ ಮೆತ್ತಗೇ ಇದ್ದರೆ ಮಾಸ್ಟರ್ ಸಿಲಿಂಡರನ್ನು ಶಂಕಿಸಬೇಕು. ಕ್ಲ್ಯಾಂಪು ನಯವಾದ ಬಾಯಿಯದಾಗಿರಬೇಕು. ಹಲ್ಲಿನ ಇಕ್ಕಳ ಹಾಕಿದರೆ ಹೋಸೇ ಹಾಳು. ಕಾಲೂ ಒಳ್ಳೆಯ ಪರೀಕ್ಷಕ. ಒತ್ತಿದಾಗ ಸ್ಪ್ರಿಂಗಿನಂತೆ ಪುಟಿದರೆ ಗಾಳಿ, ಇಲ್ಲವೇ ಹಳೆಯ ಹೋಸು ಬಲೂನಿನಂತೆ ಉಬ್ಬುತ್ತಿದೆ. ಮೊದಲ ಒತ್ತಿಗೆ ಆಳ, ಎರಡನೆಯದಕ್ಕೆ ಎತ್ತರ ಮತ್ತು ಗಟ್ಟಿ ಎಂದಾದರೆ ಎಲ್ಲೋ ಸಂದು ಹೆಚ್ಚಿದೆ. ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ಇಳಿಯುತ್ತಾ ಹೋದರೆ ಎಲ್ಲಾದರೂ ಸೋರಿಕೆ, ಹೊರಗೆ ಕಾಣದಿದ್ದರೆ ಮಾಸ್ಟರಿನ ಒಳಗಿನ ವಾಷರು ಸವೆದಿದೆ.

ನಮ್ಮದು ಎರಡನೆಯ ಜಾತಿಯದು. ಮುಂದಿನ ಡಿಸ್ಕುಗಳ ಸಂಭ್ರಮದಲ್ಲಿ ಹಿಂದಿನ ಡ್ರಮ್ಮುಗಳನ್ನು ಯಾರೂ ಮುಟ್ಟಿರಲಿಲ್ಲ. ಷೂಗಳು ಡ್ರಮ್ಮಿನಿಂದ ದೂರ ನಿಂತಿದ್ದವು. ಅವು ಅಷ್ಟು ದೂರ ನಡೆದು ಹೋಗುವಷ್ಟರಲ್ಲಿ ಪೆಡಲಿನ ಅರ್ಧ ಪ್ರಯಾಣ ಮುಗಿಯುತ್ತಿತ್ತು. ಸ್ವಲ್ಪ ಉಜ್ಜುವವರೆಗೆ ಬಿಗಿದು, ಮತ್ತೆ ತುಸು ಸಡಿಲಿಸಿದ ಮೇಲೆ ಪೆಡಲು ಮೇಲೆ ಬಂತು.

ಇನ್ನುಳಿದದ್ದು ಲೆಕ್ಕದ ವಿಷಯ. ಡ್ರಮ್ಮಿಗಾಗಿ ಮಾಡಿದ ಮಾಸ್ಟರ್ ಸಿಲಿಂಡರು ಡಿಸ್ಕಿಗೆ ಸಾಲುತ್ತದೆಯೇ? ಕ್ಯಾಲಿಪರಿನ ಪಿಸ್ಟನ್ನು 48 ಮಿಲಿಮೀಟರ್ ಅಡ್ಡಗಲ ಎಂದಿಟ್ಟುಕೊಳ್ಳಿ. ಅದು 0.3 ಮಿ.ಮೀ. ಸರಿಯಲು ಸುಮಾರು 0.54 ಘನ ಸೆಂ.ಮೀ. ಎಣ್ಣೆ ಬೇಕು, ಎರಡಕ್ಕೂ ಸೇರಿ 1.08. ಮಾಸ್ಟರಿನ ರಂಧ್ರ 19 ಮಿ.ಮೀ. ಆದರೆ ಇಷ್ಟು ಎಣ್ಣೆ ತಳ್ಳಲು ಅದರ ಪಿಸ್ಟನ್ನು ಸುಮಾರು 3.8 ಮಿ.ಮೀ. ಹೋಗಬೇಕು. ಪೆಡಲಿನ ಸನ್ನೆ ಐದು ಪಟ್ಟಿದ್ದರೆ ಕಾಲು 19 ಮಿ.ಮೀ. ಇಳಿಯಬೇಕು. ಇದು ಬರಿಯ ಸಂದು ಮುಚ್ಚುವುದಕ್ಕೆ! ರಂಧ್ರ ದೊಡ್ಡದಾದರೆ ಪೆಡಲಿನ ಇಳಿತ ಕಡಿಮೆಯಾಗುತ್ತದೆ, ಆದರೆ ಒತ್ತಬೇಕಾದ ಬಲ ಹೆಚ್ಚುತ್ತದೆ. ಡ್ರಮ್ಮಿನ ಮುಂಷೂ ತಿರುಗುವ ಡ್ರಮ್ಮಿನೊಂದಿಗೆ ತಾನೇ ಎಳೆದುಕೊಂಡು ಹಿಡಿಯುತ್ತದೆ. ಡಿಸ್ಕಿಗೆ ಆ ಗುಣವಿಲ್ಲ. ಸರ್ವೋ ಇಲ್ಲದ ಹಳೆಯ ಬಂಡಿಗೆ ಸಿಕ್ಕಿದ ದೊಡ್ಡ ಮಾಸ್ಟರನ್ನೆಲ್ಲ ಕೂರಿಸಿದರೆ ಪೆಡಲು ಕಲ್ಲಾಗುತ್ತದೆ, ಬಂಡಿ ನಿಲ್ಲುವುದಿಲ್ಲ. ಮೇಸ್ತ್ರಿಗಳು ಆರಿಸಿದ್ದು 20.6 ಮಿ.ಮೀ. ರಂಧ್ರದ್ದು. ಇಳಿತ ಏಳರಲ್ಲೊಂದು ಪಾಲು ಕಡಿಮೆ, ಬಲ ಶೇಕಡಾ 17ರಷ್ಟು ಹೆಚ್ಚು. ಅದಕ್ಕಿಂತ ಮುಖ್ಯವಾಗಿ ಅದು ಎರಡು ಕೋಣೆಯದು: ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು. ನಮ್ಮ ಹಳೆಯದರಲ್ಲಿ ಒಂದೇ ಕೋಣೆ. ಒಂದು ಕೊಳವೆ ಒಡೆದರೆ ನಾಲ್ಕು ಚಕ್ರಕ್ಕೂ ನಮಸ್ಕಾರ. ಈ ಒಂದು ಬದಲಾವಣೆ ಡಿಸ್ಕಿಗಿಂತ ದೊಡ್ಡ ರಕ್ಷಣೆಯೆಂದು ನಮ್ಮ ಅಭಿಪ್ರಾಯ.

ಭಾನುವಾರ ವಿಜಯವಾಡಕ್ಕೆ ಹೋಗಿ ಅದನ್ನು ತಂದೆವು. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಎದುರಿಗೆ ಕೂತಿದ್ದ ಹಿರಿಯರು ನಮ್ಮ ಮಡಿಲಿನ ಕಾಗದದ ಪೊಟ್ಟಣವನ್ನು ಪೂತರೇಕು ಎಂದೇ ಭಾವಿಸಿದ್ದರು. ಮೇಸ್ತ್ರಿಗಳು ಹೊರಡುವಾಗ ಎರಡು ಎಚ್ಚರಿಕೆ ಕೊಟ್ಟಿದ್ದರು. ಹೊಸ ಮಾಸ್ಟರನ್ನು ಬಂಡಿಗೆ ಹಾಕುವ ಮೊದಲೇ ವೈಸಿಗೆ ಕಚ್ಚಿಸಿ, ಎಣ್ಣೆ ತುಂಬಿ, ಗುಳ್ಳೆ ನಿಲ್ಲುವ ತನಕ ಮೆಲ್ಲಗೆ ಒತ್ತಿ ಗಾಳಿ ತೆಗೆಯಬೇಕು. ಡ್ರಮ್ಮಿನ ಮಾಸ್ಟರುಗಳಲ್ಲಿ ಕೊಳವೆಯಲ್ಲಿ ತುಸು ಒತ್ತಡ ಉಳಿಸುವ ಪುಟ್ಟ ವಾಲ್ವು ಇರುತ್ತದೆ. ಅದು ಡಿಸ್ಕಿನ ದಾರಿಯಲ್ಲಿ ಇರಕೂಡದು, ಇದ್ದರೆ ಪ್ಯಾಡು ಸದಾ ಉಜ್ಜಿ ಕಾಯುತ್ತದೆ.

ಕೊನೆಯ ಬ್ಲೀಡಿಂಗಿನಲ್ಲಿ ಪೆಡಲಿನ ಮೇಲೆ ನಮ್ಮ ಮನೆಯಾಕೆ, ಬಾಟಲಿ ಹಿಡಿದು ಮಗ. "ಒತ್ತು, ಹಿಡಿ" ಎಂದಾಗ ನಿಪ್ಪಲ್ಲು ಸಡಿಲಿಸುವುದು, ಬಿಗಿದ ಮೇಲೆಯೇ "ಬಿಡು" ಎನ್ನುವುದು. ಕ್ರಮ ತಪ್ಪಿದರೆ ಬಿಟ್ಟ ಗಾಳಿ ಮರಳಿ ಒಳಗೆ. ಮಾಸ್ಟರಿಗೆ ದೂರದ ಎಡ ಹಿಂಚಕ್ರದಿಂದ ತೊಡಗಿ ಹತ್ತಿರದ ಬಲ ಮುಂಚಕ್ರಕ್ಕೆ ಬಂದೆವು; ಬೇರೆ ಬಂಡಿಗಳಿಗೆ ಅವುಗಳ ಕೈಪಿಡಿ ಹೇಳಿದಂತೆ. ಮೇಲಿನ ಎಣ್ಣೆ ಡಬ್ಬಿ ಬರಿದಾಗದಂತೆ ಮಗನ ಕಾವಲು. ನಾಲ್ಕನೆಯ ಚಕ್ರ ಮುಗಿದಾಗ ಪೆಡಲು ಅರ್ಧದಲ್ಲೇ ನಿಂತಿತು. "ಈಗ ಕಾಲಿಗೆ ನೆಲ ಸಿಕ್ಕಿತು" ಎಂದರು ನಮ್ಮಾಕೆ. ನಿರ್ಜನವಾದ ಬಯಲಿನಲ್ಲಿ ನಡಿಗೆಯ ವೇಗದಿಂದ ಶುರುಮಾಡಿ ಪರೀಕ್ಷಿಸಿದ ಮೇಲೆಯೇ ರಸ್ತೆಗೆ ತಂದೆವು.

ಸಮುದ್ರತೀರದವರಿಗೆ ಎಣ್ಣೆಯ ಬಗ್ಗೆ ಒಂದು ಮಾತು. ಡಾಟ್ 3, ಡಾಟ್ 4 ಎಣ್ಣೆಗಳು ಗಾಳಿಯ ತೇವವನ್ನು ಹೀರುತ್ತವೆ. ಡಾಟ್ 4ಕ್ಕೆ ಇರಲೇಬೇಕಾದ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್, ತೇವ ಸೇರಿದ ಮೇಲೆ 155. ಘಟ್ಟ ಇಳಿಯುವಾಗ ಎಣ್ಣೆ ಕುದ್ದು ಆವಿಯಾದರೆ ಗಟ್ಟಿಯಿದ್ದ ಪೆಡಲು ನಡುದಾರಿಯಲ್ಲೇ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಒಡೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆಂದು ಅಟ್ಟದ ಮೇಲಿಡಬೇಡಿ. ಸಿಲಿಕೋನಿನ ಡಾಟ್ 5ನ್ನು ಇವುಗಳ ಜೊತೆ ಬೆರೆಸಕೂಡದು. ಎಂಜಿನ್ ಎಣ್ಣೆಯನ್ನಂತೂ ಹತ್ತಿರಕ್ಕೂ ತರಬೇಡಿ, ರಬ್ಬರೆಲ್ಲ ಊದಿಕೊಳ್ಳುತ್ತದೆ.

ನಮ್ಮದು ಗುಮಾಸ್ತೆಗಿರಿಯಾದ್ದರಿಂದ ಕಾಗದಪತ್ರದ ಮಾತನ್ನೂ ಹೇಳಿಬಿಡುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಬಂಡಿಯನ್ನು ಮಾರ್ಪಡಿಸುವಂತಿಲ್ಲ. ಬ್ರೇಕಿನಂಥ ಭಾಗಕ್ಕೆ ಕೈ ಹಾಕುವ ಮುನ್ನ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಬಿಡಿಭಾಗಗಳ ರಸೀತಿಗಳನ್ನೂ ಅದರ ಜೊತೆಗೇ ಹೊಲಿದಿಡಿ.