ನಮ್ಮ ಕಾಲ ಕೆಳಗಿನ ನೆಲ

ಭೂಕಂಪವೆಂದರೆ ಹಿಮಾಲಯದ ಕಡೆಯ ಮಾತು, ದಕ್ಷಿಣದ ನೆಲ ಗಟ್ಟಿ ಎಂದು ನಮ್ಮಲ್ಲಿ ಹಲವರು ನಂಬಿದ್ದೆವು. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ, ಬೀದರ, ಕಲಬುರ್ಗಿ ಜಿಲ್ಲೆಗಳಿಗೆ ದೂರವಲ್ಲದ ಕಿಲ್ಲಾರಿಯ ಸುತ್ತ ನೆಲ ನಡುಗಿ ಸುಮಾರು 10,000 ಜನ ಮಡಿದರು. ಆ ನಂಬಿಕೆ ಏಕೆ ಸುಳ್ಳಾಯಿತೆಂದು ತಿಳಿಯಬೇಕಾದರೆ ಭೂಮಿಯ ಒಳಗನ್ನು ಸ್ವಲ್ಪ ಅರಿಯಬೇಕು.

ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಭೂಮಿಯ ನಡುವಿಗಾದರೋ 6,371 ಕಿಲೋಮೀಟರು. ಯಾರೂ ಇಳಿಯದ ಆ ಆಳದ ಸುದ್ದಿಯನ್ನು ತಂದದ್ದು ಭೂಕಂಪದ ಅಲೆಗಳೇ. ಗಡಿಗೆ ಕೊಳ್ಳುವವರು ಬಡಿದು ಸದ್ದು ಕೇಳುವಂತೆ, ಆ ಅಲೆಗಳು ಎಲ್ಲಿ ಎಷ್ಟು ಬೇಗ ಮುಟ್ಟುವುವೆಂದು ವಿಜ್ಞಾನಿಗಳು ಲೆಕ್ಕವಿಟ್ಟರು. ಅಸ್ಸಾಮಿನ 1897ರ ಭೂಕಂಪವನ್ನು ಅಭ್ಯಾಸ ಮಾಡಿದ ಓಲ್ಡ್‌ಹ್ಯಾಮ್ ಎಂಬವರು 1906ರಲ್ಲಿ ಭೂಮಿಗೆ ಕೇಂದ್ರಗೋಳವೊಂದುಂಟು ಎಂದು ತೋರಿಸಿಕೊಟ್ಟರು.

ಎಲ್ಲಕ್ಕಿಂತ ಹೊರಗಿರುವುದು ಭೂಕವಚ. ಖಂಡಗಳ ಕೆಳಗೆ ಅದರ ದಪ್ಪ ಸರಾಸರಿ 35 ಕಿಲೋಮೀಟರು, ಸಾಗರದ ಕೆಳಗೆ ಸುಮಾರು 7. ಅದರಡಿ 2,900 ಕಿಲೋಮೀಟರ್ ಆಳದವರೆಗೆ ಮ್ಯಾಂಟಲ್. ಇದು ಕುದಿಯುವ ರಸವೆಂದು ತಿಳಿಯುವುದು ತಪ್ಪು. ಇದು ಬಂಡೆಯೇ, ಆದರೆ ಅತಿ ಕಾವಿನಲ್ಲಿ, ಲಕ್ಷಾಂತರ ವರ್ಷಗಳಲ್ಲಿ, ಮೆಲ್ಲಮೆಲ್ಲನೆ ಹರಿಯುತ್ತದೆ. ಅದರೊಳಗೆ ಕರಗಿದ ಕಬ್ಬಿಣ ಹೆಚ್ಚಾಗಿರುವ ಹೊರ ಕೇಂದ್ರಗೋಳ, ನಟ್ಟನಡುವೆ ಗಟ್ಟಿಯಾದ ಒಳ ಕೇಂದ್ರಗೋಳ.

ಭೂಕವಚವೂ ಮ್ಯಾಂಟಲಿನ ಮೇಲ್ಭಾಗವೂ ಕೂಡಿ ಕೆಲವು ದೊಡ್ಡ ಫಲಕಗಳಾಗಿವೆ. ಸಾಗರದಡಿಯ ಫಲಕದ ತಣಿದ, ಭಾರವಾದ ಅಂಚು ಮ್ಯಾಂಟಲಿನೊಳಗೆ ಮುಳುಗುತ್ತ ಉಳಿದುದನ್ನು ಎಳೆಯುತ್ತದೆ. ಮೇಜಿನಿಂದ ಇಳಿಬಿದ್ದ ಬಟ್ಟೆ ತನ್ನ ಭಾರಕ್ಕೆ ಥಾನನ್ನೆಲ್ಲ ಎಳೆದುಕೊಂಡಂತೆ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರು ಉತ್ತರಕ್ಕೆ ಸರಿಯುತ್ತಿದೆ. ನಮ್ಮ ಉಗುರು ಬೆಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದು ಏಷ್ಯಾವನ್ನು ಒತ್ತತೊಡಗಿ ಹಿಮಾಲಯ ಎದ್ದಿತು. ಆ ಒತ್ತಡ ಉತ್ತರದ ಅಂಚಿನಲ್ಲೇ ನಿಲ್ಲದೆ ಫಲಕದ ಒಳಗೂ ಹರಡಿ, ದಖ್ಖನದ ಬಂಡೆಯಲ್ಲಿ ಕೂಡಿಬರುತ್ತದೆ. ಬಂಡೆ ತಾಳಲಾರದೆ ಬಿರುಕಿನಲ್ಲಿ ಜಾರಿದಾಗ ಕಿಲ್ಲಾರಿಯಂತಹ ಅನಾಹುತವಾಗುತ್ತದೆ.

ಅಲ್ಲಿ ಜನ ಸತ್ತದ್ದು ಹೆಚ್ಚಾಗಿ ತಮ್ಮ ಮನೆಗಳ ಅಡಿಯಲ್ಲೇ. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಮಣ್ಣು ಹೇರಿದ ಮಾಳಿಗೆ. ಭೂಕಂಪದ ದಿನವನ್ನು ಮುಂದಾಗಿ ಹೇಳಬಲ್ಲವರು ಯಾರೂ ಇಲ್ಲ. ಅಂತಹ ವದಂತಿಗೆ ನಾವು ಕಿವಿಗೊಡಬೇಕಾಗಿಲ್ಲ. ಆದರೆ ನಮ್ಮಲ್ಲಿ ಅನೇಕರು ಊರಿನ ಮನೆಗಾಗಿ ಕಾಸು ಕೂಡಿಡುತ್ತಿದ್ದೇವೆ. ಗೋಡೆಯ ಎರಡೂ ಮೈಗಳನ್ನು ಬಿಗಿಯುವ ಉದ್ದ ಕಲ್ಲು, ಬಾಗಿಲ ಮೇಲ್ಗಡೆ ಸುತ್ತಲೂ ಸಲಾಕೆ ಹಾಕಿದ ಕಾಂಕ್ರೀಟಿನ ಪಟ್ಟಿ, ಹಗುರವಾದ ಛಾವಣಿ — ಈ ಮೂರನ್ನು ಗೌಂಡಿಗೆ ಮೊದಲೇ ಹೇಳಿ ಮಾಡಿಸಿಕೊಳ್ಳೋಣ.